36 ಸೆಕೆಂಡಿನಿಂದ 6 ಕೋಟಿ ಆಟ

2018ರ ಜೂನ್ 10ರಂದು ಅಮೆರಿಕದ ಬೆಥೆಸ್ಡಾ ಕಂಪನಿ ತನ್ನ ಹೊಸ ವಿಡಿಯೊ ಗೇಮ್‌ಗಳನ್ನು ಲಾಸ್ ಏಂಜಲೀಸ್‌ನಲ್ಲಿ ಪರಿಚಯಿಸಿತು. ಕಾರ್ಯಕ್ರಮದ ಕೊನೆಗೆ ತೋರಿಸಿದ್ದು 36 ಸೆಕೆಂಡಿನ ಒಂದು ತುಣುಕು. ಮೋಡ ಸರಿಯುತ್ತದೆ, ಒಣ ಕಲ್ಲುಗುಡ್ಡಗಳು ಕಾಣುತ್ತವೆ, ಒಂದು ಬದಿಗೆ ನೀರಿನ ಅಂಚು. ಹಳೆಯ ಪರಿಚಿತ ರಾಗ ಏರುತ್ತದೆ, ‘ದಿ ಎಲ್ಡರ್ ಸ್ಕ್ರೋಲ್ಸ್ 6’ ಎಂಬ ಹೆಸರು ಮೂಡುತ್ತದೆ. ಮುಗಿಯಿತು. ಮನುಷ್ಯರಿಲ್ಲ, ಕತ್ತಿಯಿಲ್ಲ, ಡ್ರ್ಯಾಗನ್ ಇಲ್ಲ.

ಅಲ್ಲಿಂದ 2025ರ ಜೂನ್ 10ಕ್ಕೆ ಸರಿಯಾಗಿ ಏಳು ವರ್ಷ, ಅಂದರೆ 2,557 ದಿನ. ಅಷ್ಟೂ ದಿನದಲ್ಲಿ ಆ ಆಟದ ಇನ್ನೊಂದು ದೃಶ್ಯವನ್ನೂ ಕಂಪನಿ ಹೊರಗೆ ಬಿಡಲಿಲ್ಲ. ತೋರಿಸಿದ ಒಂದೊಂದು ಸೆಕೆಂಡಿಗೆ 71 ದಿನ ಕಾಯಿಸಿದಂತಾಯಿತು. ಈ ಏಳು ವರ್ಷ ಹಗಲು ರಾತ್ರಿ ಬಿಡದೆ ಅದೇ ತುಣುಕನ್ನು ಓಡಿಸುತ್ತಿದ್ದರೆ 61 ಲಕ್ಷ ಸಲ ನೋಡಿ ಮುಗಿಸಬಹುದಿತ್ತು.

ಅಭಿಮಾನಿಗಳು ಹೆಚ್ಚುಕಮ್ಮಿ ಅದನ್ನೇ ಮಾಡಿದರು. ಗುಡ್ಡದ ಬಣ್ಣ, ಕರಾವಳಿಯ ತಿರುವು, ಕಲ್ಲಿನ ಪದರ ಎಲ್ಲವನ್ನೂ ಹಳೆಯ ಆಟಗಳ ನಕಾಶೆಯ ಪಕ್ಕ ಇಟ್ಟು ನೋಡಿದರು. 2020ರ ಡಿಸೆಂಬರ್ 31ರಂದು ಕಂಪನಿ ಹೊಸ ವರ್ಷದ ಶುಭಾಶಯಕ್ಕೆಂದು ಒಂದು ಚಿತ್ರ ಹಾಕಿತು. ನಕಾಶೆ, ಅದರ ಮೇಲೆ ಮೇಣದಬತ್ತಿಗಳು. ಶುಭಾಶಯ ಯಾರಿಗೆ ಬೇಕಿತ್ತು? ಯಾವ ಬತ್ತಿ ಯಾವ ಸೀಮೆಯ ಮೇಲಿದೆ ಎಂದು ಅಳೆಯಲು ಎಲ್ಲರೂ ಕೂತರು. 2021ರಲ್ಲಿ ಇದೇ ಕಂಪನಿಯ ‘ಸ್ಟಾರ್‌ಫೀಲ್ಡ್’ ಟ್ರೇಲರ್ ಬಂದಾಗ ಬಾಹ್ಯಾಕಾಶ ನೌಕೆಯೊಳಗಿನ ಒಂದು ಗೀರು ಹಳೆಯ ನಕಾಶೆಯ ಕೊಲ್ಲಿಯೊಂದರ ಆಕಾರದಲ್ಲಿದೆ ಎಂದು ಪತ್ತೆ ಹಚ್ಚಿದರು. ಹೆಚ್ಚಿನವರು ಬಂದು ನಿಂತ ತೀರ್ಮಾನ ಒಂದೇ: ಆಟ ನಡೆಯುವುದು ಹ್ಯಾಮರ್‌ಫೆಲ್ ಎಂಬ ಮರುಭೂಮಿ ಸೀಮೆಯಲ್ಲಿ, ಬಹುಶಃ ಪಕ್ಕದ ಹೈ ರಾಕ್ ಕೂಡ ಸೇರಿ.

ಈ ಊಹೆ ನಿಜವಾದರೆ ಹೊಸ ಆಟ ಹೋಗುವುದು ಹೊಸ ಜಾಗಕ್ಕಲ್ಲ. ಹ್ಯಾಮರ್‌ಫೆಲ್ ಮತ್ತು ಹೈ ರಾಕ್ ನಡುವಿನ ಇಲಿಯಾಕ್ ಕೊಲ್ಲಿಯ ಸುತ್ತಲೇ ಈ ಸರಣಿಯ ಎರಡನೇ ಆಟ ‘ಡ್ಯಾಗರ್‌ಫಾಲ್’ 1996ರಲ್ಲಿ ನಡೆದುಹೋಗಿದೆ. ಅದರ ವಿಸ್ತಾರ ಗ್ರೇಟ್ ಬ್ರಿಟನ್ನಿನಷ್ಟು ಎಂದು ಕಂಪನಿ ಹೇಳಿಕೊಂಡಿತ್ತು. ಗ್ರೇಟ್ ಬ್ರಿಟನ್ ಸುಮಾರು 2,09,000 ಚದರ ಕಿಲೊಮೀಟರ್; ನಮ್ಮ ಇಡೀ ಕರ್ನಾಟಕ 1,91,791. ಬೀದರಿನಿಂದ ಚಾಮರಾಜನಗರದವರೆಗಿನ ನೆಲಕ್ಕಿಂತ ದೊಡ್ಡದೆಂದು ಹೇಳಿಕೊಂಡ ಲೋಕವೊಂದು, ಊರು, ಗುಡಿ, ನೆಲಮಾಳಿಗೆ ಸೇರಿ ಸುಮಾರು 15,000 ಸ್ಥಳಗಳೊಂದಿಗೆ, ಒಂದೇ ಒಂದು ಸಿ.ಡಿ.ಯಲ್ಲಿ ಕೂತಿತ್ತು.

ಅಷ್ಟನ್ನೂ ಯಾರೂ ಕೂತು ಬಿಡಿಸಿರಲಿಲ್ಲ. ಮೊದಲೇ ಮಾಡಿಟ್ಟ ತುಂಡುಗಳನ್ನು ನಿಯಮದ ಪ್ರಕಾರ ಕಂಪ್ಯೂಟರೇ ಜೋಡಿಸುತ್ತ ಹೋಗಿತ್ತು. ಹಾಗಾಗಿ ಸ್ಥಳ ಹದಿನೈದು ಸಾವಿರವಿದ್ದರೂ ಒಂದರ ಮುಖ ಇನ್ನೊಂದರಲ್ಲಿ ಕಾಣುತ್ತಿತ್ತು. 2011ರ ನವೆಂಬರ್ 11ರಂದು ಬಂದ ಐದನೇ ಆಟ ‘ಸ್ಕೈರಿಮ್’ ಇದಕ್ಕೆ ತಿರುಗುಮುರುಗು. ಅದರ ನೆಲ 40 ಚದರ ಕಿಲೊಮೀಟರ್ ಆಸುಪಾಸು. ಬ್ರಿಟನ್ನಿನ ಲೆಕ್ಕ ಹಿಡಿದರೆ ಒಂದು ಡ್ಯಾಗರ್‌ಫಾಲ್‌ನೊಳಗೆ ಐದು ಸಾವಿರ ಸ್ಕೈರಿಮ್‌ಗಳು ಹಿಡಿಸುತ್ತವೆ. ಆದರೆ ಆ ಸಣ್ಣ ನೆಲದ ಗುಹೆ, ಸೇತುವೆ, ಮೇಜಿನ ಮೇಲಿನ ಚೀಸ್‌ನ ತುಂಡಿನವರೆಗೆ ಎಲ್ಲದರ ಮೇಲೂ ಮನುಷ್ಯರ ಕೈ ಆಡಿದೆ. ಮಾತುಗಳೇ 60,000 ಸಾಲಿಗೂ ಹೆಚ್ಚು. 2023ರ ಹೊತ್ತಿಗೆ ಸ್ಕೈರಿಮ್‌ನ 6 ಕೋಟಿ ಪ್ರತಿ ಖರ್ಚಾಗಿದ್ದವು.

ಅಭಿಮಾನಿಗಳ ಬೇಡಿಕೆಯ ಪಟ್ಟಿ ನೋಡಿದರೆ ಅವರಿಗೆ ಆ ವಿಸ್ತಾರ, ಈ ಕೈಕೆಲಸ ಎರಡೂ ಬೇಕು. ಹ್ಯಾಮರ್‌ಫೆಲ್ಲಿನವರು ಕಡಲು ಬಲ್ಲವರು, ಆದ್ದರಿಂದ ಹಡಗು ಓಡಿಸಲು ಬರಬೇಕು. ಇದೇ ಕಂಪನಿಯ 2015ರ ‘ಫಾಲ್‌ಔಟ್ 4’ರಲ್ಲಿ ಊರು ಕಟ್ಟಲು ಬಿಟ್ಟಿದ್ದಾರೆ, ಆದ್ದರಿಂದ ಇಲ್ಲಿ ಕೋಟೆ ಕಟ್ಟಲು ಬಿಡಬೇಕು. ಗೋಡೆ ಹತ್ತಲು ಬರಬೇಕು. ಗಮ್ಮತ್ತೆಂದರೆ ಗೋಡೆ ಹತ್ತುವುದು, ಮನೆ ಕೊಳ್ಳುವುದು, ಹಡಗು ಕೊಳ್ಳುವುದು ಮೂರೂ 1996ರ ಡ್ಯಾಗರ್‌ಫಾಲ್‌ನಲ್ಲೇ ಇದ್ದವು.

ಈಗ ಲೆಕ್ಕ ಶುರು. ಹಡಗು ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ಎರಡು ಬೇರೆ ಬೇರೆ ಆಟಗಳು ಹುಟ್ಟುತ್ತವೆ. ಕೋಟೆಯ ಪ್ರಶ್ನೆ ಸೇರಿದರೆ ನಾಲ್ಕು, ಗೋಡೆ ಹತ್ತುವುದು ಸೇರಿದರೆ ಎಂಟು. ಇಂಥ ಹತ್ತು ಪ್ರಶ್ನೆಗೆ 1,024 ಆಟ, ಇಪ್ಪತ್ತಕ್ಕೆ 10,48,576. ಇಪ್ಪತ್ತಾರನೇ ಪ್ರಶ್ನೆಗೆ ಬರುವಷ್ಟರಲ್ಲಿ ಸಂಖ್ಯೆ 6,71,08,864. ಸ್ಕೈರಿಮ್‌ನ ಆರು ಕೋಟಿ ಪ್ರತಿಗಳಿಗೂ ಒಂದೊಂದು ಬೇರೆ ಆಟ ಹಂಚಿ, ಮೇಲೆ ಎಪ್ಪತ್ತು ಲಕ್ಷ ಮಿಗುತ್ತದೆ. ಇಪ್ಪತ್ತಾರು ಪ್ರಶ್ನೆಯೆಂದರೆ ಸಂಜೆ ಚಹಾ ಕುಡಿಯುತ್ತ ಇಬ್ಬರು ಗೆಳೆಯರು ಹಾಕಿಕೊಳ್ಳಬಹುದಾದಷ್ಟು.

ಕಂಪನಿ ಬಾಯಿ ಬಿಗಿದು ಕೂರುವುದರ ಲಾಭವೂ ಇದೇ ಲೆಕ್ಕದಲ್ಲಿ ಸಿಗುತ್ತದೆ. ಒಂದು ಪ್ರಶ್ನೆಗೆ ಖಚಿತ ಉತ್ತರ ಕೊಟ್ಟ ಕ್ಷಣ ಅರ್ಧದಷ್ಟು ಆಟಗಳು, 3,35,54,432, ಒಟ್ಟಿಗೇ ಸಾಯುತ್ತವೆ. ಸ್ಟಾರ್‌ಫೀಲ್ಡ್‌ಗೆ ಆದದ್ದು ಹಾಗೆ. ಸಾವಿರಕ್ಕೂ ಹೆಚ್ಚು ಗ್ರಹಗಳಿವೆ ಎಂದಾಗ ಅಭಿಮಾನಿಗಳು ನೌಕೆಯನ್ನು ಆಕಾಶದಿಂದ ನೇರ ನೆಲಕ್ಕಿಳಿಸುವ ಕನಸು ಕಂಡರು. ಹಾಗೆ ಇಳಿಸಲಾಗದು ಎಂದು ನಿರ್ದೇಶಕ ಟಾಡ್ ಹೊವರ್ಡ್ 2022ರಲ್ಲಿ ಹೇಳಿದರು. ಆ ಒಂದು ‘ಇಲ್ಲ’ ಆಟ ಬರುವ ಮೊದಲೇ ಅರ್ಧ ಕನಸುಗಳನ್ನು ಗುಡಿಸಿ ಹಾಕಿತು.

ಇಷ್ಟೆಲ್ಲ ಅನಿಶ್ಚಿತತೆಯ ನಡುವೆ ಖಚಿತವಾದದ್ದಕ್ಕೆ ಬೆಲೆ ಎಷ್ಟಿರಬಹುದು? 2025ರಲ್ಲಿ ಮಕ್ಕಳ ಸೇವಾಸಂಸ್ಥೆಯೊಂದಕ್ಕಾಗಿ ನಡೆದ ಹರಾಜಿನಲ್ಲಿ, ಈ ಆಟದಲ್ಲಿ ಒಂದು ಪಾತ್ರವನ್ನು ರೂಪಿಸುವ ಅವಕಾಶ 85 ಸಾವಿರ ಡಾಲರಿಗೂ ಮೇಲೆ ಹೋಯಿತು. ನಮ್ಮ ಲೆಕ್ಕದಲ್ಲಿ ಎಪ್ಪತ್ತು ಲಕ್ಷ ರೂಪಾಯಿ ದಾಟುತ್ತದೆ. ಆಟ ಯಾವಾಗ ಬರುತ್ತದೆ ಎಂಬುದು ಕೊಂಡವರಿಗೂ ಗೊತ್ತಿರಲಿಲ್ಲ. ಬೆಥೆಸ್ಡಾವನ್ನು ಕೊಂಡಿದ್ದ ಮೈಕ್ರೊಸಾಫ್ಟ್‌ನ ಫಿಲ್ ಸ್ಪೆನ್ಸರ್ 2023ರ ಜೂನ್‌ನಲ್ಲಿ ನ್ಯಾಯಾಲಯದ ಮುಂದೆ, ಇನ್ನೂ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು ಎಂದಿದ್ದರು.

ಎಂದಾದರೂ ಬರಲಿ, ಬರುವುದು ಒಂದೇ ಆಟ. ಇಪ್ಪತ್ತಾರು ಪ್ರಶ್ನೆಗೆ ಆರು ಕೋಟಿ ಎಪ್ಪತ್ತೊಂದು ಲಕ್ಷ ಜನ ಒಬ್ಬೊಬ್ಬರು ಒಂದೊಂದು ರೀತಿ ಉತ್ತರ ಬರೆದಿಟ್ಟರು ಎನ್ನೋಣ. ಎಲ್ಲ ಸರಿಯಾಗಿ ಊಹಿಸಿದವರು ಒಬ್ಬರೇ. ಒಂದೇ ಒಂದು ತಪ್ಪು ಮಾಡಿದವರು 26 ಮಂದಿ. ಹದಿಮೂರು ಸರಿ, ಹದಿಮೂರು ತಪ್ಪು ಎಂದು ನಟ್ಟನಡುವೆ ನಿಲ್ಲುವವರು 1,04,00,600. ಬಿಡುಗಡೆಯ ಮರುದಿನ ಅತಿ ದೊಡ್ಡ ಗುಂಪು ಇವರದೇ. ಅರ್ಧ ಸಿಕ್ಕಿತೆಂದು ಕುಣಿಯಬೇಕೋ, ಅರ್ಧ ಸಿಗಲಿಲ್ಲವೆಂದು ಬೈಯಬೇಕೋ ಎಂದು ಈ ಒಂದು ಕೋಟಿ ಜನ ತಮ್ಮತಮ್ಮಲ್ಲೇ ವಾದಕ್ಕಿಳಿಯುತ್ತಾರೆ. ಏಳನೆಯ ಆಟದ ಊಹೆ ಶುರುವಾಗುವುದೂ ಅವರಿಂದಲೇ.