ಕರಾಟೆಯ ಸೆಣಸಾಟವೂ ಮೌನದ ಅಭ್ಯಾಸವೂ

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿ, ತಮ್ಮ ಹೆಣ್ಣುಮಕ್ಕಳು ಕರಾಟೆ ಕಲಿಯುವದನ್ನು ಕಂಡು ನಮ್ಮನ್ನು ಎರಡು ಸಂಗತಿಗಳನ್ನು ಕೇಳುವದುಂಟು. ಹೊಡೆದಾಟದ ವಿದ್ಯೆಗೆ ಕಣ್ಮುಚ್ಚಿ ಕೂತುಕೊಳ್ಳುವದು ಯಾತಕ್ಕೆ? ಅದು ನಮ್ಮ ವಿಶ್ವಾಸಕ್ಕೆ ಬಾಧಕವಾದೀತೋ?

ಕರಾಟೆಯು ಓಕಿನಾವಾ ದ್ವೀಪದಲ್ಲಿ ಬೆಳೆದ ವಿದ್ಯೆ. ಫುನಾಕೋಶಿ ಗಿಚಿನ್ ಎಂಬ ಉಪಾಧ್ಯಾಯರು 1922ರಲ್ಲಿ ಅದನ್ನು ಟೋಕಿಯೋ ನಗರದಲ್ಲಿ ಪ್ರದರ್ಶಿಸಿದರು. ಬರಿಗೈ ಎಂಬದೇ ಆ ಹೆಸರಿನ ಅರ್ಥ. ನಮ್ಮ ನೆರೆಯ ಚಿತ್ರದುರ್ಗದ ಓಬವ್ವನಿಗೆ ಒನಕೆಯಾದರೂ ಇತ್ತು. ಅವಳ ಹೆಸರಿನಲ್ಲಿಯೇ 2021ರಿಂದ ಕರ್ನಾಟಕದ ವಸತಿನಿಲಯಗಳ ಬಾಲಿಕೆಯರಿಗೆ ಆತ್ಮರಕ್ಷಣೆಯ ಶಿಕ್ಷಣವು ಏರ್ಪಟ್ಟಿತು.

ಒಬ್ಬಳೇ ನಿಂತು ವರಸೆಗಳನ್ನು ಮಾಡುವಾಗ ಹುಡುಗಿಗೆ ಭಯವಿಲ್ಲ. ಎದುರಾಳಿಯು ನಿಂತ ಕ್ಷಣವೇ ಎದೆ ಡವಗುಟ್ಟುವದು, ಹೆಗಲು ಕಿವಿಯ ತನಕ ಏರುವದು, ಮುಷ್ಟಿಯು ಬಿಗಿಯುವದು. ಬಿಗಿದಷ್ಟು ಬಲ ಹೆಚ್ಚೆಂದು ಅವಳು ಎಣಿಸುವಳು, ಅದು ತಪ್ಪು. ತೋಳನ್ನು ಚಾಚುವ ಸ್ನಾಯು ಹಿಂಭಾಗದಲ್ಲಿಯೂ ಮಡಿಸುವ ಸ್ನಾಯು ಮುಂಭಾಗದಲ್ಲಿಯೂ ಇವೆಯಷ್ಟೆ. ಎರಡೂ ಏಕಕಾಲಕ್ಕೆ ಬಿಗಿದರೆ ಒಂದು ಇನ್ನೊಂದನ್ನು ಹಿಡಿದೆಳೆಯುವದು, ಏಟು ತಡವಾಗುವದು. ಸಡಿಲವಾದ ಕೈ ಬೇಗ ಹೋಗಿ, ಮುಟ್ಟುವ ಗಳಿಗೆಯಲ್ಲಿ ಮಾತ್ರ ಬಿಗಿಯಬೇಕು. ಆಟದಲ್ಲಿ ಏಟನ್ನು ಅಳತೆಯಲ್ಲಿ ನಿಲ್ಲಿಸುವದೂ ನಿಯಮವಾದಕಾರಣ ಈ ಹತೋಟಿಯು ಎದುರಾಳಿಯ ಕ್ಷೇಮಕ್ಕೂ ಬೇಕು.

ಮನಸ್ಸಿನ ಮಾತೂ ಹಾಗೆಯೇ. ಹೆದರಿದವಳ ಕಣ್ಣು ಎದುರಿನ ಮುಷ್ಟಿಯಲ್ಲಿ ನೆಟ್ಟುಹೋಗುವದು. ಅಷ್ಟರಲ್ಲಿ ಕಾಲು ಬಂದು ತಗಲುವದು. ಹದಿನೇಳನೆಯ ಶತಮಾನದ ತಾಕುವಾನ್ ಎಂಬ ಜಪಾನೀ ಸನ್ಯಾಸಿಯು ಒಬ್ಬ ಖಡ್ಗಪಟುವಿಗೆ ಬರೆದು ತಿಳಿಸಿದ್ದೂ ಇದನ್ನೇ: ಮನಸ್ಸು ಕತ್ತಿಯ ಮೇಲೆ ನಿಂತರೆ ಕತ್ತಿಗೆ ಸೆರೆಯಾಗುವದು. ಹಾಗೆಂದು ಪೂರ್ಣ ನಿರಾತಂಕವೂ ಒಳ್ಳೆಯದಲ್ಲ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಪಂಡಿತರು 1908ರಲ್ಲಿ ಇಲಿಗಳ ಮೇಲೆ ನಡಿಸಿದ ಪರೀಕ್ಷೆಯಲ್ಲಿ, ಕಠಿನವಾದ ಪಾಠಕ್ಕೆ ಮಿತವಾದ ಪ್ರಚೋದನೆಯೇ ಹೆಚ್ಚು ಅನುಕೂಲವಾಗಿ ಕಂಡಿತು. ತೂಕಡಿಸುವವಳೂ ಸೋಲುವಳು.

ಅಭ್ಯಾಸದ ಮೊದಲೂ ಕೊನೆಯಲ್ಲಿಯೂ ಕೂತುಕೊಳ್ಳುವ ಮೌನಕ್ಕೆ ಮೊಕುಸೋ ಎನ್ನುವರು. ಬೆನ್ನು ನೆಟ್ಟಗಿಟ್ಟು, ಉಸಿರನ್ನು ಮಾತ್ರ ಗಮನಿಸಬೇಕು. ಒಳಗೆಳೆಯುವದಕ್ಕಿಂತ ಹೊರಬಿಡುವದು ನಿಧಾನವಾಗಿರಲಿ. ಹೊರಬಿಡುವ ಉಸಿರಿನೊಡನೆ ಎದೆಬಡಿತವು ಇಳಿಯುವದು ಶರೀರದ ಸ್ವಭಾವ. ಎಡ್ಮಂಡ್ ಜೇಕಬ್ಸನ್ ಎಂಬ ಅಮೇರಿಕಾದ ವೈದ್ಯರು 1929ರ ತಮ್ಮ ಗ್ರಂಥದಲ್ಲಿ ವಿವರಿಸಿದ ಕ್ರಮವೂ ಸುಲಭ: ಮುಷ್ಟಿಯನ್ನು ಬಿಗಿದು ಬಿಡುವದು, ಹೆಗಲನ್ನು ಎತ್ತಿ ಇಳಿಸುವದು, ಬಿಗಿತಕ್ಕೂ ಸಡಿಲಕ್ಕೂ ಇರುವ ಭೇದವನ್ನು ಅರಿಯುವದು. ಅರಿತವಳು ಸೆಣಸಾಟದ ನಡುವೆಯೂ ಒಂದೇ ಉಸಿರಿನಲ್ಲಿ ಹೆಗಲನ್ನು ಇಳಿಸಬಲ್ಲಳು.

ಆದರೆ ಕೂತ ಮಾತ್ರಕ್ಕೆ ಕೈ ಚುರುಕಾಗದು. ಮೊದಲು ಯಾವ ಏಟೆಂದು ಹೇಳಿಕೊಂಡು ಮೆಲ್ಲಗೆ, ಆಮೇಲೆ ಹೇಳದೆ ಸೆಣಸಬೇಕು. ಭಯದ ನಡುವೆ ಉಸಿರಾಡುವದನ್ನು ಅಲ್ಲಿಯೇ ಕಲಿಯಬೇಕು. ದಾರಿಯಲ್ಲಿ ದುಷ್ಟನೊಬ್ಬನು ಅಡ್ಡಗಟ್ಟಿದರೆ ಹೆದರಿಕೆಯು ಕಾಲನ್ನಷ್ಟೇ ಅಲ್ಲ, ನಾಲಿಗೆಯನ್ನೂ ಕಟ್ಟುವದು. ಕೂಗಿ ಓಡಿ ಬರುವ ಮಗಳೇ ನಮಗೆ ಬೇಕಾದವಳು, ಪದಕವು ಆಮೇಲೆ.

ವಿಶ್ವಾಸದ ಸಂದೇಹಕ್ಕೆ ಬರುವೆವು. ಈ ಮೌನಕ್ಕೆ ಜಪಾನಿನಲ್ಲಿ ಝೆನ್ ಪಂಥದ ನಂಟಿರುವದು ನಿಜ, ಅದನ್ನು ಮರೆಮಾಚಲಾರೆವು. ಆದರೆ ಉಸಿರನ್ನು ಗಮನಿಸುವದು ಪೂಜೆಯಲ್ಲ. ನಮ್ಮ ಕರ್ತನು ಸಹ ಜನರ ಗದ್ದಲವನ್ನು ಬಿಟ್ಟು ಏಕಾಂತ ಸ್ಥಳಗಳಿಗೆ ಹೋಗಿ ಪ್ರಾರ್ಥಿಸಿದನಲ್ಲವೆ? ಮನಸ್ಸಿದ್ದವಳು ಆ ನಿಮಿಷಗಳನ್ನು ಮೌನ ಪ್ರಾರ್ಥನೆಗೆ ಕೊಡಲಿ; ಬೇರೆ ಮತದವಳು ಬರಿದೆ ಉಸಿರನ್ನು ಎಣಿಸಲಿ.

ಸಂಗನಕಲ್ಲಿನ ಗುಡ್ಡದಲ್ಲಿ ತಟ್ಟಿದರೆ ಗಂಟೆಯಂತೆ ದನಿಗೊಡುವ ಕರೀ ಬಂಡೆಗಳಿವೆ. ನವಶಿಲಾಯುಗದವರು ಕೊಡಲಿಗಳನ್ನು ಉಜ್ಜಿದ ಗುಳಿಗಳೂ ಇವೆ. (ಅವು ಪುರಾತನ ಸೊತ್ತು, ಮಕ್ಕಳು ಹೊಡೆದು ನೋಡಬಾರದು.) ಗಮನದ ಅಭ್ಯಾಸಕ್ಕೆ ದೇವಾಲಯದ ಗಂಟೆಯೇ ಸಾಕು: ನಾದವು ಪೂರ್ತಿ ಅಡಗುವ ತನಕ ಕಿವಿಗೊಟ್ಟು ಕೂತಿರಬೇಕು. ಬಳ್ಳಾರಿಯ ಬೇಸಗೆಯಲ್ಲಿ ಇದೆಲ್ಲ ಹೊತ್ತು ಏರುವ ಮುಂಚೆ ಆಗಲಿ; ದೀರ್ಘವಾಗಿ ಉಸಿರಾಡುವಾಗ ತಲೆ ತಿರುಗಿದರೆ ಕೂಡಲೆ ನಿಲ್ಲಿಸಿ, ನೆರಳಿನಲ್ಲಿ ಕೂರಿಸಿ ನೀರು ಕೊಡತಕ್ಕದ್ದು.