ವಾರದ ಅಡುಗೆ ಯೋಜನೆ

ವಾರದ ಅಡುಗೆ ಯೋಜನೆ ಎಂದರೆ ಒಂದು ಕುಟುಂಬವು ಮುಂದಿನ ಏಳು ದಿನಗಳಲ್ಲಿ ಯಾವ ಹೊತ್ತಿಗೆ ಏನು ಅಡುಗೆ, ಅದಕ್ಕೆ ಬೇಕಾದ ಸಾಮಗ್ರಿ ಎಷ್ಟು, ಅದನ್ನು ಯಾವಾಗ ತರಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವ ಕ್ರಮ. ಅಡುಗೆಯ ಪಟ್ಟಿ, ಸಾಮಾನಿನ ಚೀಟಿ ಮತ್ತು ಮುಂಗಡ ಸಿದ್ಧತೆ ಇದರ ಮೂರು ಅಂಗಗಳು. ಉದ್ಯೋಗ, ಶಾಲೆ ಮತ್ತು ಪ್ರಯಾಣಗಳ ನಡುವೆ ಬಿಡುವು ಸಿಗದ ಕುಟುಂಬಗಳಲ್ಲಿ ಇದು ಖರ್ಚನ್ನು ಹಿಡಿತದಲ್ಲಿಡಲು, ಆಹಾರ ಹಾಳಾಗುವುದನ್ನು ತಡೆಯಲು ಮತ್ತು ಸಮತೋಲಿತ ಊಟ ಒದಗಿಸಲು ನೆರವಾಗುತ್ತದೆ. "ಇವತ್ತು ಏನು ಅಡುಗೆ?" ಎಂಬ ನಿತ್ಯದ ಪ್ರಶ್ನೆಯ ಹೊರೆಯನ್ನು ಒಬ್ಬರ ತಲೆಯಿಂದ ಇಳಿಸಿ ಮನೆಮಂದಿಯ ನಡುವೆ ಹಂಚಲು ಸಾಧ್ಯವಾಗುವುದು ಇದರ ಇನ್ನೊಂದು ಮುಖ್ಯ ಪ್ರಯೋಜನ.

ಹಿನ್ನೆಲೆ

ವಾರವನ್ನು ಖರೀದಿಯ ಅವಧಿಯಾಗಿ ನೋಡುವುದು ಕರ್ನಾಟಕಕ್ಕೆ ಹೊಸದಲ್ಲ. ಗ್ರಾಮೀಣ ಪ್ರದೇಶದಲ್ಲಿ ನಿಗದಿತ ದಿನದಂದು ನಡೆಯುವ ಸಂತೆಯೇ ಸುತ್ತಲಿನ ಹಳ್ಳಿಗಳ ಮನೆಗಳಿಗೆ ತರಕಾರಿ, ಕಾಳು ಮತ್ತು ಮಸಾಲೆಗಳ ಮುಖ್ಯ ಮೂಲವಾಗಿತ್ತು. ಹಲವೆಡೆ ಈಗಲೂ ಆಗಿದೆ. ಕೊಡಗು ಜಿಲ್ಲೆಯ ಶನಿವಾರಸಂತೆಯ ಹೆಸರಿನಲ್ಲಿಯೇ ಸಂತೆಯ ದಿನ ಉಳಿದುಕೊಂಡಿದೆ. ಮುಂದಿನ ಸಂತೆಯವರೆಗೆ ಮನೆಗೆ ಏನೇನು ಬೇಕು ಎಂಬ ಲೆಕ್ಕ ಹಾಕಿಯೇ ಜನ ಸಂತೆಗೆ ಹೊರಡುತ್ತಿದ್ದರು. ಕೊನೆಯ ಗಳಿಗೆಯ ಸಿದ್ಧತೆಯನ್ನು ಕುರಿತ "ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ" ಎಂಬ ಗಾದೆಯೂ ಈ ವಾರದ ಲಯದಿಂದಲೇ ಬಂದದ್ದು.

ಮುಂಗಡ ಸಿದ್ಧತೆಯೂ ಪ್ರಾದೇಶಿಕ ಅಡುಗೆಗಳಲ್ಲಿ ಹಾಸುಹೊಕ್ಕಾಗಿದೆ. ಉತ್ತರ ಕರ್ನಾಟಕದಲ್ಲಿ ಒಣಗಿಸಿಟ್ಟ ಕಟಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಬಹುದಿನ ಕೆಡದೆ ಉಳಿಯುತ್ತವೆ. ಮಲೆನಾಡಿನಲ್ಲಿ ಬೇಸಿಗೆಯಲ್ಲಿಯೇ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳನ್ನು ಮಳೆಗಾಲಕ್ಕಾಗಿ ಮಾಡಿಡುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ಅವಧಿಗೆ ಒಣಮೀನನ್ನು ಮೊದಲೇ ಸಂಗ್ರಹಿಸುವ ರೂಢಿಯಿದೆ. ನಗರಗಳಲ್ಲಿ ಅಂಗಡಿ ಹತ್ತಿರವಿರುವುದರಿಂದಲೂ ಸಾಮಾನು ಮನೆಬಾಗಿಲಿಗೆ ಬರುವುದರಿಂದಲೂ ಮುಂದಾಲೋಚನೆಯ ಅಗತ್ಯ ಕಡಿಮೆಯಾದಂತೆ ಕಾಣುತ್ತದೆ. ಆದರೆ ಅಡುಗೆಗೆ ಸಿಗುವ ಸಮಯ ಅಲ್ಲಿಯೇ ಹೆಚ್ಚು ಕಡಿಮೆಯಾಗಿದೆ.

ಮಹತ್ವ

ಮನೆಗೆಲಸದ ಹಂಚಿಕೆ ಭಾರತದಲ್ಲಿ ತೀರ ಅಸಮವಾಗಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಆರು ವರ್ಷ ಮತ್ತು ಮೇಲ್ಪಟ್ಟವರಲ್ಲಿ ವೇತನರಹಿತ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಪುರುಷರು ವ್ಯಯಿಸುವುದು 88 ನಿಮಿಷ. ಬೇಳೆ ಮುಗಿಯುತ್ತಿದೆ, ಸೊಪ್ಪು ಬಾಡುತ್ತಿದೆ, ನಾಳೆ ಮಗುವಿನ ಡಬ್ಬಿಗೆ ಏನು ಎಂಬಂಥ ಯೋಚನೆಗಳು ಇತರ ಕೆಲಸಗಳ ಜೊತೆಜೊತೆಗೇ ನಡೆಯುವುದರಿಂದ ಗಡಿಯಾರದ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ.

ಆಹಾರದ ವ್ಯರ್ಥ ಎರಡನೆಯ ಕಾರಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಗಿದ್ದು, ಅದರಲ್ಲಿ ಸುಮಾರು ಶೇ. 60ರಷ್ಟು ಮನೆಗಳಲ್ಲಿ ಆದದ್ದು. ಅಗತ್ಯಕ್ಕಿಂತ ಹೆಚ್ಚು ಕೊಳ್ಳುವುದು, ಇರುವುದನ್ನು ಮರೆತು ಮತ್ತೆ ತರುವುದು, ಬೇಗ ಕೆಡುವುದನ್ನು ಕೊನೆಗೆ ಉಳಿಸುವುದು ಮನೆಯಲ್ಲಿ ಆಹಾರ ಹಾಳಾಗಲು ಸಾಮಾನ್ಯ ಕಾರಣಗಳು.

ಯೋಜನೆಯ ಹಂತಗಳು

1. ಇರುವುದರ ಪರಿಶೀಲನೆ: ಡಬ್ಬಿಗಳು, ತರಕಾರಿ ಬುಟ್ಟಿ ಮತ್ತು ಫ್ರಿಜ್ ನೋಡಿ, ಮೊದಲು ಮುಗಿಸಬೇಕಾದವನ್ನು ಗುರುತಿಸುವುದು.

2. ವಾರದ ಸ್ವರೂಪ: ಯಾವ ದಿನ ಮನೆಗೆ ಬರುವುದು ತಡ, ಯಾರಿಗೆ ಡಬ್ಬಿ ಬೇಕು, ಏಕಾದಶಿ, ಸಂಕಷ್ಟಿ, ಹಬ್ಬ ಅಥವಾ ಈರುಳ್ಳಿ-ಬೆಳ್ಳುಳ್ಳಿ ಬಳಸದ ದಿನಗಳಿವೆಯೇ ಎಂದು ಬರೆದುಕೊಳ್ಳುವುದು. ಬಿಡುವಿಲ್ಲದ ದಿನಕ್ಕೆ ಒಂದೇ ಪಾತ್ರೆಯಲ್ಲಿ ಆಗುವ ಅಡುಗೆಯನ್ನು ಗೊತ್ತುಮಾಡಲಾಗುತ್ತದೆ.

3. ಅಡುಗೆಗಳನ್ನು ಜೋಡಿಸುವುದು: ಒಂದು ಸಿದ್ಧತೆಯಿಂದ ಹಲವು ಅಡುಗೆ ಬರುವಂತೆ ನೋಡಿಕೊಳ್ಳುವುದು. ಒಮ್ಮೆ ರುಬ್ಬಿದ ಹಿಟ್ಟು ಮೊದಲ ದಿನ ಇಡ್ಲಿಗೆ, ಮರುದಿನ ದೋಸೆಗೆ, ಮೂರನೆಯ ದಿನ ಪಡ್ಡಿಗೆ ಒದಗುತ್ತದೆ. ಸೊಪ್ಪು-ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಬಸ್ಸಾರು, ಉಳಿದ ಗಟ್ಟಿಯಿಂದ ಪಲ್ಯ ಮಾಡುವ ಹಳೆ ಮೈಸೂರು ಪ್ರದೇಶದ ಪದ್ಧತಿ ಇದಕ್ಕೆ ಉತ್ತಮ ನಿದರ್ಶನ.

4. ಚೀಟಿ ಬರೆಯುವುದು: ಅಡುಗೆಯ ಪಟ್ಟಿಯಿಂದ ಮನೆಯಲ್ಲಿ ಈಗಾಗಲೇ ಇರುವುದನ್ನು ಕಳೆದು, ಉಳಿದದ್ದನ್ನು ತರಕಾರಿ, ದಿನಸಿ, ಹಾಲು-ಮೊಸರು ಎಂದು ವಿಂಗಡಿಸಿ ಬರೆಯುವುದು.

ಪ್ರಮಾಣದ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ದಿನಕ್ಕೆ ಸುಮಾರು 2000 ಕಿಲೋಕ್ಯಾಲರಿಯ ಊಟಕ್ಕೆ ಮಾದರಿ ಪ್ರಮಾಣಗಳನ್ನು ನೀಡಿದೆ. ಅದನ್ನು ನಾಲ್ವರಿಗೆ ಏಳು ದಿನಗಳ ಲೆಕ್ಕದಲ್ಲಿ ಗುಣಿಸಿದರೆ ವಾರದ ಅಂದಾಜು ದೊರೆಯುತ್ತದೆ:

ಧಾನ್ಯ (ಅಕ್ಕಿ, ರಾಗಿ, ಜೋಳ, ಗೋಧಿ): ಒಬ್ಬರಿಗೆ ದಿನಕ್ಕೆ 250 ಗ್ರಾಂ, ನಾಲ್ವರಿಗೆ ವಾರಕ್ಕೆ 7 ಕಿಲೋ
ಬೇಳೆಕಾಳು ಅಥವಾ ಮೊಟ್ಟೆ, ಮಾಂಸ, ಮೀನು: 85 ಗ್ರಾಂ, ಸುಮಾರು 2.4 ಕಿಲೋ
ತರಕಾರಿ ಮತ್ತು ಸೊಪ್ಪು: 400 ಗ್ರಾಂ, 11.2 ಕಿಲೋ
ಹಣ್ಣು: 100 ಗ್ರಾಂ, 2.8 ಕಿಲೋ
ಹಾಲು ಅಥವಾ ಮೊಸರು: 300 ಮಿಲಿಲೀಟರ್, 8.4 ಲೀಟರ್
ಕಡಲೆಕಾಯಿ, ಎಳ್ಳು ಮೊದಲಾದ ಬೀಜಗಳು: 35 ಗ್ರಾಂ, ಸುಮಾರು 1 ಕಿಲೋ
ಎಣ್ಣೆ, ತುಪ್ಪ: 27 ಗ್ರಾಂ, ಸುಮಾರು 750 ಗ್ರಾಂ

ವಯಸ್ಸು, ದುಡಿಮೆ ಮತ್ತು ಆರೋಗ್ಯಕ್ಕೆ ತಕ್ಕಂತೆ ಈ ಪ್ರಮಾಣ ಬದಲಾಗುತ್ತದೆ. ಹೊರಗೆ ಉಣ್ಣುವ ಹೊತ್ತುಗಳನ್ನು ಕಳೆಯಬೇಕು. ಅಕ್ಕಿ ಹೆಚ್ಚು, ತರಕಾರಿ ಕಡಿಮೆ ಕೊಳ್ಳುವ ಮನೆಗಳಲ್ಲಿ ಈ ಲೆಕ್ಕವು ಚೀಟಿಯಲ್ಲಿ ಏನು ಕೊರತೆಯಾಗಿದೆ ಎಂಬುದನ್ನು ತೋರಿಸುತ್ತದೆ.

ಖರೀದಿ

ಎಲ್ಲ ಸಾಮಗ್ರಿಯನ್ನೂ ವಾರಕ್ಕೊಮ್ಮೆ ಕೊಳ್ಳಬೇಕಿಲ್ಲ. ಅಕ್ಕಿ, ಬೇಳೆ, ಎಣ್ಣೆ, ಸಾರಿನ ಪುಡಿ ಮೊದಲಾದವನ್ನು ತಿಂಗಳಿಗೊಮ್ಮೆ, ತರಕಾರಿ-ಹಣ್ಣುಗಳನ್ನು ವಾರಕ್ಕೊಮ್ಮೆ, ಹಾಲನ್ನು ದಿನವೂ ತರುವುದು ರೂಢಿ. ಬೇಗ ಬಾಡುವ ಸೊಪ್ಪನ್ನು ವಾರದ ನಡುವೆ ತಳ್ಳುಗಾಡಿಯಲ್ಲಿ ಮತ್ತೊಮ್ಮೆ ಕೊಳ್ಳುವುದು ಅನುಕೂಲ. ಸಂತೆ, ಮಾರುಕಟ್ಟೆ, ಹಾಪ್‌ಕಾಮ್ಸ್ ಮಳಿಗೆ, ಬೀದಿಯ ವ್ಯಾಪಾರಿಗಳ ಬೆಲೆಗಳನ್ನು ಹೋಲಿಸಿ ನೋಡಬಹುದು. ಋತುಮಾನದ ತರಕಾರಿ ಸಾಮಾನ್ಯವಾಗಿ ಅಗ್ಗವೂ ರುಚಿಕರವೂ ಆಗಿರುತ್ತದೆ. ಚಳಿಗಾಲದ ಅವರೆಕಾಯಿಯನ್ನು ಸುಲಿದು ಶೀತಲಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಮುಂದಿನ ವಾರಗಳಿಗೂ ಬರುತ್ತದೆ.

ಪೊಟ್ಟಣದ ಸಾಮಾನು ಕೊಳ್ಳುವಾಗ ಒಟ್ಟು ಬೆಲೆಗಿಂತ ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನು ಹೋಲಿಸುವುದು ಸೂಕ್ತ. ದೊಡ್ಡ ಪೊಟ್ಟಣ ಮುಗಿಯುವ ಮೊದಲೇ ಕೆಟ್ಟರೆ ಅದು ಅಗ್ಗವಾಗುವುದಿಲ್ಲ. ಪೊಟ್ಟಣದ ಮೇಲಿನ ಎರಡು ಬಗೆಯ ದಿನಾಂಕಗಳ ವ್ಯತ್ಯಾಸವನ್ನೂ ಗಮನಿಸಬೇಕು: "ಇಷ್ಟರೊಳಗೆ ಉತ್ತಮ" ಎಂಬುದು ಗುಣಮಟ್ಟವನ್ನು ಸೂಚಿಸಿದರೆ, ಅವಧಿ ಮುಗಿಯುವ ದಿನಾಂಕ ಸುರಕ್ಷತೆಯನ್ನು ಸೂಚಿಸುತ್ತದೆ, ಅದು ದಾಟಿದ ಆಹಾರವನ್ನು ಬಳಸಬಾರದು.

ಸಂಗ್ರಹ ಮತ್ತು ಬಳಕೆಯ ಕ್ರಮ

ಕೆಡುವ ವೇಗಕ್ಕೆ ತಕ್ಕಂತೆ ಬಳಸುವುದು ಯೋಜನೆಯ ಮೂಲನಿಯಮ. ಮೊದಲ ಎರಡು ದಿನ ಮೆಂತ್ಯ, ದಂಟು, ಸಬ್ಬಸಿಗೆ ಮೊದಲಾದ ಸೊಪ್ಪುಗಳು; ವಾರದ ನಡುವೆ ಹುರುಳಿಕಾಯಿ, ಬೆಂಡೆಕಾಯಿ, ಬದನೆಕಾಯಿ; ಕೊನೆಗೆ ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ. ಇಡೀ ಕುಂಬಳಕಾಯಿ ವಾರಗಟ್ಟಲೆ ಉಳಿಯುತ್ತದೆ. ಸೊಪ್ಪಿನ ಬೇರು ಮತ್ತು ಕೊಳೆತ ಎಲೆ ತೆಗೆದು, ತೇವವಿಲ್ಲದಂತೆ ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಹೆಚ್ಚು ದಿನ ಬರುತ್ತದೆ. ಈರುಳ್ಳಿ ಮತ್ತು ಆಲೂಗಡ್ಡೆಯನ್ನು ಗಾಳಿಯಾಡುವ, ಬಿಸಿಲು ಬೀಳದ ಕಡೆ ಬೇರೆಬೇರೆಯಾಗಿ ಇಡಬೇಕು.

ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಇಟ್ಟು, ಬಳಸುವಾಗ ಚೆನ್ನಾಗಿ ಕುದಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಅನ್ನದ ವಿಷಯದಲ್ಲಿ ಇದು ವಿಶೇಷವಾಗಿ ಮುಖ್ಯ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಉಳಿಯಬಲ್ಲವು. ಹೊರಗೆ ಬಹಳ ಹೊತ್ತು ಇಟ್ಟ ಅನ್ನದಲ್ಲಿ ಅವು ಬೆಳೆದು ಉಂಟುಮಾಡುವ, ವಾಂತಿಗೆ ಕಾರಣವಾಗುವ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ.

ಮಾದರಿ ಪಟ್ಟಿ

ಭಾನುವಾರ ಖರೀದಿ ಮಾಡುವ, ಹಳೆ ಮೈಸೂರು ಪ್ರದೇಶದ ಸಸ್ಯಾಹಾರಿ ಕುಟುಂಬವೊಂದರ ಪಟ್ಟಿ ಹೀಗಿರಬಹುದು:

ಭಾನುವಾರ: ದಂಟಿನ ಸೊಪ್ಪಿನ ಬಸ್ಸಾರು, ಮುದ್ದೆ, ಪಲ್ಯ. ಬೆಳಿಗ್ಗೆ ಅಕ್ಕಿ-ಉದ್ದು ನೆನೆಹಾಕಿ ಸಂಜೆ ರುಬ್ಬುವುದು.
ಸೋಮವಾರ: ಇಡ್ಲಿ, ಚಟ್ನಿ, ಮೆಂತ್ಯ ಸೊಪ್ಪಿನ ಹುಳಿ. ಉಳಿದ ಹಿಟ್ಟನ್ನು ಫ್ರಿಜ್‌ನಲ್ಲಿ ಇಡುವುದು.
ಮಂಗಳವಾರ: ದೋಸೆ; ಹುರುಳಿಕಾಯಿ ಪಲ್ಯ, ತಿಳಿಸಾರು. ರಾತ್ರಿ ಹೆಸರುಕಾಳು ನೆನೆಹಾಕುವುದು.
ಬುಧವಾರ: ಪಡ್ಡು, ಬದನೆಕಾಯಿ ಹುಳಿ. ಬೆಳಿಗ್ಗೆ ಕಾಳನ್ನು ಬಸಿದು ಬಟ್ಟೆಯಲ್ಲಿ ಕಟ್ಟುವುದು.
ಗುರುವಾರ: ಉಪ್ಪಿಟ್ಟು, ಮೊಳಕೆಕಾಳಿನ ಸಾರು, ಮುದ್ದೆ.
ಶುಕ್ರವಾರ: ಚಪಾತಿ, ಎಲೆಕೋಸಿನ ಪಲ್ಯ, ರಾತ್ರಿ ಮೊಸರನ್ನ.
ಶನಿವಾರ: ಒಗ್ಗರಣೆ ಅವಲಕ್ಕಿ, ಉಳಿದ ತರಕಾರಿಗಳನ್ನೆಲ್ಲ ಸೇರಿಸಿ ಬಿಸಿಬೇಳೆಬಾತ್.

ಮಾಂಸಾಹಾರಿ ಕುಟುಂಬಗಳು ಮಾಂಸ ಅಥವಾ ಮೀನನ್ನು ಅಡುಗೆಯ ದಿನವೇ ತರುವುದು ವಾಡಿಕೆ. ಅನಿರೀಕ್ಷಿತ ಅತಿಥಿ, ಅನಾರೋಗ್ಯ ಅಥವಾ ಮಿಕ್ಕ ಅಡುಗೆಗಾಗಿ ವಾರದಲ್ಲಿ ಒಂದು ಹೊತ್ತನ್ನು ಖಾಲಿ ಬಿಡುವುದು ಒಳ್ಳೆಯದು.

ಕೆಲಸದ ಹಂಚಿಕೆ

ಪಟ್ಟಿಯನ್ನು ಒಬ್ಬರೇ ಯೋಚಿಸಿ, ಒಬ್ಬರೇ ಬರೆದು, ಒಬ್ಬರೇ ನೆರವೇರಿಸಿದರೆ ಹೊರೆ ತಲೆಯಿಂದ ಕಾಗದಕ್ಕೆ ಇಳಿಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಲ್ಲರಿಗೂ ಕಾಣುವಂತೆ ಅಡುಗೆಮನೆಯಲ್ಲಿ ಅಂಟಿಸಿದ ಪಟ್ಟಿಯಿಂದ, ಏನು ಮಾಡಬೇಕೆಂದು ಯಾರನ್ನೂ ಕೇಳದೆ ಕೆಲಸ ಆರಂಭಿಸಬಹುದು. ಮೊದಲು ಮನೆಗೆ ಬಂದವರು ಕುಕ್ಕರ್ ಇಡಬಹುದು, ಮಕ್ಕಳು ಕಾಳು ನೆನೆಹಾಕಬಹುದು, ಸಾಮಾನು ಮುಗಿದದ್ದನ್ನು ಕಂಡವರೇ ಚೀಟಿಗೆ ಸೇರಿಸಬಹುದು. ಒಂದೊಂದು ದಿನದ ಅಡುಗೆಯನ್ನು ಒಬ್ಬೊಬ್ಬರು ಆಯ್ಕೆ ಮಾಡಿ ಅದರ ಹೊಣೆಯನ್ನೂ ವಹಿಸಿಕೊಳ್ಳುವುದು ಇನ್ನೊಂದು ಕ್ರಮ. ಸಹಾಯ ಮಾಡುವುದಕ್ಕಿಂತ ಹೊಣೆ ಹೊರುವುದು ಭಿನ್ನ. ಹೇಳಿಸಿಕೊಂಡು ತರಕಾರಿ ತರುವವರು ನಡಿಗೆಯನ್ನು ಉಳಿಸುತ್ತಾರೆ. ಏನು ತರಬೇಕೆಂದು ತಾವೇ ನೋಡಿ ತರುವವರು ಯೋಚನೆಯನ್ನೂ ಉಳಿಸುತ್ತಾರೆ.

ಮಿತಿಗಳು

ವಾರದ ಖರೀದಿಗೆ ಒಮ್ಮೆಗೇ ಹಣ, ಇಡಲು ಜಾಗ ಮತ್ತು ತರಲು ಅನುಕೂಲ ಬೇಕು. ದಿನಗೂಲಿಯ ಕುಟುಂಬಗಳು ಅಂದಂದಿನ ದುಡಿಮೆಯಿಂದ ಅಂದಂದಿಗೆ ಬೇಕಾದಷ್ಟನ್ನೇ ಕೊಳ್ಳುವುದರಿಂದ, ಸಣ್ಣ ಪೊಟ್ಟಣಗಳಿಗೆ ಹಲವು ವೇಳೆ ಹೆಚ್ಚು ಬೆಲೆ ತೆರುತ್ತವೆ. ಅಂಥಲ್ಲಿ ಪಡಿತರದ ಧಾನ್ಯವನ್ನು ಆಧಾರವಾಗಿಟ್ಟುಕೊಂಡು, ಕೆಡದ ಬೇಳೆಕಾಳುಗಳ ಸುತ್ತ ಎರಡು-ಮೂರು ದಿನಗಳ ಸಣ್ಣ ಯೋಜನೆ ಮಾಡುವುದು ಹೆಚ್ಚು ಕಾರ್ಯಸಾಧ್ಯ. ಫ್ರಿಜ್ ಇಲ್ಲದ ಅಥವಾ ವಿದ್ಯುತ್ ಪದೇಪದೇ ಹೋಗುವ ಕಡೆ ಬೇಯಿಸಿಟ್ಟ ಆಹಾರವನ್ನು ನೆಚ್ಚಿಕೊಳ್ಳಲಾಗದು. ಅಲ್ಲಿ ಹುರಿದ ಹಿಟ್ಟು, ಚಟ್ನಿಪುಡಿ, ಒಣರೊಟ್ಟಿಗಳಂಥ ಸಾಂಪ್ರದಾಯಿಕ ಸಿದ್ಧತೆಗಳೇ ಉಪಯುಕ್ತ. ಮಧುಮೇಹ, ಮೂತ್ರಪಿಂಡದ ಕಾಯಿಲೆ ಮೊದಲಾದವು ಇರುವವರ ಊಟವನ್ನು ವೈದ್ಯರ ಅಥವಾ ಆಹಾರತಜ್ಞರ ಸಲಹೆಯಂತೆ ನಿರ್ಧರಿಸಬೇಕು.