ಇರುವ ದುಡ್ಡಿನಲ್ಲೇ ಹೆಚ್ಚು ತೃಪ್ತಿ ಪಡೆಯುವುದು ಹೇಗೆ?

ದೊಡ್ಡಬಳ್ಳಾಪುರದ ಕಡೆಯ ಒಂದು ಸ್ವಸಹಾಯ ಸಂಘದ ಸಭೆಯಲ್ಲಿ ನಾವು ಮನೆಖರ್ಚಿನ ಲೆಕ್ಕ ಬರೆಯುವ ಬಗ್ಗೆ ಮಾತನಾಡುತ್ತಿದ್ದೆವು. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಅಕ್ಕ ಒಬ್ಬರು, "ಬರೋದೇ ಇಷ್ಟು ಸಿಸ್ಟರ್, ಇದ್ರಲ್ಲಿ ಲೆಕ್ಕ ಏನ್ ಬರೆಯೋದು?" ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಯೋಚಿಸಿ ನೋಡಿ: ದುಡ್ಡು ಬೇಕಾದಷ್ಟು ಇರುವವರಿಗೆ ಲೆಕ್ಕ ತಪ್ಪಿದರೂ ನಡೆಯುತ್ತದೆ. ಕಡಿಮೆ ಇರುವವರಿಗೇ ಲೆಕ್ಕ ಹೆಚ್ಚು ಬೇಕು.

ಮುದ್ದೆ ಕಲಿಸುವ ಪಾಠ

ಹಸಿದು ಬಂದವರಿಗೆ ಮೊದಲ ಮುದ್ದೆ ಹೋದ ಜೀವ ಬಂದ ಹಾಗೆ. ಎರಡನೆಯದು ಹೊಟ್ಟೆ ತುಂಬಿಸುತ್ತದೆ. ಮೂರನೆಯದು ಬಡಿಸಲು ಹೋದರೆ "ಸಾಕು, ಬೇಡ" ಅಂತಾರೆ. ರಾಗಿ ಅದೇ, ಮುದ್ದೆ ಅದೇ. ಸಿಗುವ ತೃಪ್ತಿ ಮಾತ್ರ ಇಳಿಯುತ್ತಾ ಹೋಯಿತು. ಇದನ್ನೇ ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಎನ್ನುತ್ತಾರೆ. ಜರ್ಮನಿಯ ಗೋಸೆನ್ 1854ರಲ್ಲಿ, ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ತಮ್ಮ ಪುಸ್ತಕಗಳಲ್ಲಿ ಇದನ್ನು ವಿವರಿಸಿದರು.

ಇದರಿಂದ ಹುಟ್ಟುವ ಇನ್ನೊಂದು ನಿಯಮವೇ ನಮಗೆ ಮುಖ್ಯ. ಕೊನೆಯ ಹತ್ತು ರೂಪಾಯಿ ಎಲ್ಲಿ ಕಡಿಮೆ ತೃಪ್ತಿ ಕೊಡುತ್ತಿದೆಯೋ ಅಲ್ಲಿಂದ ತೆಗೆದು, ಎಲ್ಲಿ ಹೆಚ್ಚು ಕೊಡುತ್ತದೋ ಅಲ್ಲಿಗೆ ಹಾಕಬೇಕು. ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಸಮ ಆಗುವವರೆಗೆ ಹೀಗೆ ಮಾಡುತ್ತಾ ಹೋದರೆ, ಅದೇ ದುಡ್ಡಿನಲ್ಲಿ ಸಿಗಬಹುದಾದ ಅತಿ ಹೆಚ್ಚು ತೃಪ್ತಿ ಸಿಗುತ್ತದೆ.

ಒಂದು ಲೆಕ್ಕ

ಒಂದು ಮನೆಯಲ್ಲಿ ಇಬ್ಬರು ಮಕ್ಕಳು. ದಿನಾ ಒಬ್ಬೊಬ್ಬರಿಗೆ 10 ರೂಪಾಯಿಯ ಚಿಪ್ಸ್ ಪೊಟ್ಟಣ. ತಿಂಗಳಿಗೆ 600 ರೂಪಾಯಿ ಆಯಿತು. ಪೂರ್ತಿ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ವಾರದ ಮೊದಲ ಪೊಟ್ಟಣದಲ್ಲಿ ಮಕ್ಕಳಿಗೆ ನಿಜವಾದ ಖುಷಿ ಇದೆ. ಐದನೆಯದು, ಆರನೆಯದು ಬರೀ ಅಭ್ಯಾಸ. ವಾರಕ್ಕೆ ಎರಡೇ ದಿನ ಎಂದು ಮಾಡಿದರೆ ತಿಂಗಳಿಗೆ ಸುಮಾರು 160 ರೂಪಾಯಿ ಸಾಕು, 440 ರೂಪಾಯಿ ಉಳಿಯುತ್ತದೆ. ಮೊಟ್ಟೆಗೆ 7 ರೂಪಾಯಿ ಎಂದು ಹಿಡಿದರೆ 62 ಮೊಟ್ಟೆ ಬಂತು. ಅಷ್ಟಕ್ಕೂ ಮೊಟ್ಟೆಯನ್ನೇ ತರಬೇಕಿಲ್ಲ. ಮೊಟ್ಟೆಗೂ ಮುದ್ದೆಯ ನಿಯಮವೇ. ಸ್ವಲ್ಪ ಮೊಟ್ಟೆಗೆ, ಸ್ವಲ್ಪ ನೋಟ್‌ಬುಕ್ಕಿಗೆ, ಸ್ವಲ್ಪ ಉಳಿತಾಯಕ್ಕೆ.

ಯಾರ ತೃಪ್ತಿ?

ಪುಸ್ತಕದ ನಿಯಮದಲ್ಲಿ ಬಳಕೆದಾರ ಒಬ್ಬನೇ. ನಮ್ಮ ಮನೆಗಳಲ್ಲಿ ಐದಾರು ಜನ. ಅದೇ ಸಭೆಯಲ್ಲಿ ನಾವು ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಬರೆದು, ಕಳೆದ ತಿಂಗಳು ಯಾರಿಗಾಗಿ ಏನು ಖರ್ಚಾಯಿತು ಎಂದು ತುಂಬಿಸಲು ಹೇಳಿದೆವು. ಯಜಮಾನರ ಬೀಡಿ, ಮಗನ ಮೊಬೈಲ್ ರೀಚಾರ್ಜ್, ಅತ್ತೆಯ ಮಾತ್ರೆ ಎಲ್ಲಾ ಬಂದವು. ಬಹಳ ಜನ ಅಕ್ಕಂದಿರ ಹೆಸರಿನ ಮುಂದೆ ಮಾತ್ರ ಖಾಲಿ.

ಪ್ರಶ್ನೆ ಕೇಳಿದ ಅಕ್ಕನದೂ ಖಾಲಿ. ಕೇಳಿದಾಗ, "ಸಂಜೆ ಆದ್ರೆ ಎಳೆ ಕಾಣ್ಸಲ್ಲ ಸಿಸ್ಟರ್, ಕೆಲಸ ಬಿಟ್ ಎದ್ಬಿಡ್ತೀನಿ" ಎಂದರು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಂಜಾಗುವುದು ಸಹಜ. ಕನ್ನಡಕ ಹಾಕಿದರೆ ಸರಿಹೋಗುತ್ತದೆ. ಆ ಮನೆಯಲ್ಲಿ ಕೆಲವೇ ನೂರು ರೂಪಾಯಿ ಅತಿ ಹೆಚ್ಚು ತೃಪ್ತಿ ಕೊಡುತ್ತಿದ್ದ ಜಾಗ ಅದೇ. ಸಂಜೆಯ ಕೂಲಿಯೂ ಉಳಿಯುತ್ತಿತ್ತು. ಆದರೆ ತನ್ನ ಅಗತ್ಯವನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನು ಮನೆಯೊಡತಿಯ ಖಾತೆಗೇ ಹಾಕುವಂತೆ ಮಾಡಿದ್ದಾರೆ. ಖಾತೆ ಅವಳದಾದರೆ ಸಾಲದು, ಖರ್ಚಿನ ಪಟ್ಟಿಯಲ್ಲೂ ಅವಳ ಹೆಸರು ಇರಬೇಕು.

ನೆನಪಿಡಬೇಕಾದದ್ದು

1. ದೊಡ್ಡ ಪೊಟ್ಟಣವೇ ಅಗ್ಗ ಎಂದು ನಂಬಬೇಡಿ. ಕೆಲವು ಸಲ ಶಾಂಪೂವಿನ ಸಣ್ಣ ಸ್ಯಾಷೆಯೇ ಅಗ್ಗ ಬೀಳುತ್ತದೆ. ಬೆಲೆಯನ್ನು ತೂಕದಿಂದ ಭಾಗಿಸಿ ನೋಡಿ. ಈಗ ಅನೇಕ ಪೊಟ್ಟಣಗಳ ಮೇಲೆ ಗ್ರಾಮಿಗೆ ಎಷ್ಟು ಎಂದು ಅಚ್ಚು ಹಾಕಿರುತ್ತಾರೆ.

2. ಬೇಳೆ, ಎಣ್ಣೆ, ಸೋಪು ಬೇಕಾದಾಗ ಸಂಘದ ಹತ್ತು ಜನ ಸೇರಿ ಸಗಟು ಅಂಗಡಿಯಲ್ಲಿ ತಂದು ಹಂಚಿಕೊಳ್ಳಿ.

3. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ಉಚಿತವಾಯಿತು. ಆದರೆ ಇಪ್ಪತ್ತು ರೂಪಾಯಿ ಉಳಿಸಲು ಅರ್ಧ ದಿನದ ಕೂಲಿ ಕಳೆದುಕೊಂಡರೆ ನಷ್ಟವೇ. ಸಮಯವೂ ದುಡ್ಡೇ.

4. ಕಂತಿನಲ್ಲಿ ವಸ್ತು ತರುವ ಮೊದಲು ಕೇಳಿಕೊಳ್ಳಿ: ಆರನೇ ತಿಂಗಳ ಕಂತು ಕಟ್ಟುವಾಗ ಇದರ ಖುಷಿ ಎಷ್ಟು ಉಳಿದಿರುತ್ತದೆ?

5. ಎಂ.ಆರ್.ಪಿ.ಗಿಂತ ಹೆಚ್ಚು ಕೇಳಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮುಂದಿನ ಸಭೆಗೆ ಬರುವಾಗ ಒಂದು ವಾರದ ಖರ್ಚು ಬರೆದು ತನ್ನಿ. ಓದು ಬರಹ ಬಾರದಿದ್ದರೆ ಮಕ್ಕಳಿಂದ ಬರೆಸಿ. ಮನೆಯವರೆಲ್ಲರ ಹೆಸರು ಇರಲಿ, ನಿಮ್ಮ ಹೆಸರನ್ನು ಮರೆಯಬೇಡಿ.